ಹೆಗಲೇರಿದ ಗಿಳಿಗೆ ಇಳಿಯುವ ಪಾಠ

ಊರಿನಿಂದ ನೆಂಟರು ಬಂದರೆಂದರೆ ವಿಜಯವಾಡದ ಕನ್ನಡಿಗರ ಮನೆಗಳಲ್ಲಿ ಕಾರ್ಯಕ್ರಮ ಮೊದಲೇ ನಿಗದಿಯಾಗಿರುತ್ತದೆ. ಒಂದು ದಿನ ಇಂದ್ರಕೀಲಾದ್ರಿಯ ಕನಕದುರ್ಗೆಯ ದರ್ಶನ, ಮರುದಿನ ಸುಮಾರು 20 ಕಿಲೋಮೀಟರ್ ದೂರದ ಕೊಂಡಪಲ್ಲಿ. ಮಂಡಿ ಗಟ್ಟಿ ಇದ್ದವರು ಕೋಟೆ ಹತ್ತುತ್ತಾರೆ. ಉಳಿದವರು ಕೆಳಗೆ ಗೊಂಬೆಗಳ ಅಂಗಡಿಯಲ್ಲಿ ಕೂರುತ್ತಾರೆ. ತೆಲ್ಲ ಪೊಣಿಕಿ ಎಂಬ ಹಗುರವಾದ ಮರವನ್ನು ಕೆತ್ತಿ, ಕೈಕಾಲುಗಳನ್ನು ಹುಣಸೆಬೀಜದ ಪುಡಿ ಮತ್ತು ಮರದ ಹೊಟ್ಟಿನ ಅಂಟಿನಿಂದ ಜೋಡಿಸಿ, ಮೇಲೆ ಬಣ್ಣ ಬಳಿದ ಗೊಂಬೆಗಳು ಇವು. ನಮ್ಮ ಚನ್ನಪಟ್ಟಣದ ಗೊಂಬೆ ಹಾಲೆ ಮರದ್ದು, ಅರಗಿನ ಬಣ್ಣದ್ದು. ಎರಡರ ಚಂದವೂ ಬೇರೆ ಬೇರೆ. ದಸರೆಗೆ ಗೊಂಬೆ ಕೂರಿಸುವ ನಮಗೂ, ಸಂಕ್ರಾಂತಿಗೆ ಬೊಮ್ಮಲ ಕೊಲುವು ಇಡುವ ಇಲ್ಲಿಯವರಿಗೂ ಕೊಂಡಪಲ್ಲಿ ಅಕ್ಕರೆಯ ಊರು.

ಆ ಗೊಂಬೆಗಳ ಸಾಲಿನಲ್ಲಿ ಗಿಳಿಯೂ ಉಂಟು. ಮರದ ಗಿಳಿಯನ್ನು ಎಲ್ಲಿ ಕೂರಿಸಿದರೆ ಅಲ್ಲೇ ಕೂತಿರುತ್ತದೆ. ಮನೆಯಲ್ಲಿ ಸಾಕಿದ ಗಿಳಿ ಹಾಗಲ್ಲ. ಪಂಜರದ ಬಾಗಿಲು ತೆಗೆದರೆ ಸಾಕು, ಹಾರಿ ಬಂದು ಹೆಗಲ ಮೇಲೆ ಕೂರುತ್ತದೆ. ಮೊದಲ ವಾರ ಎಲ್ಲರಿಗೂ ಸಂಭ್ರಮ. ಫೋಟೊ ತೆಗೆದು ಊರಿಗೆ ಕಳಿಸುವುದೇನು, ಬಂದವರ ಮುಂದೆ ಹೇಳಿಕೊಳ್ಳುವುದೇನು! ತಿಂಗಳು ಕಳೆಯುವಷ್ಟರಲ್ಲಿ ರಾಗ ಬದಲಾಗುತ್ತದೆ. ಹೆಗಲಿಂದ ಇಳಿಯುವುದಿಲ್ಲ, ಕೈ ತಂದರೆ ಕಚ್ಚುತ್ತದೆ, ಅಂಗಿಯೆಲ್ಲ ಹಿಕ್ಕೆ. ವಿಜಯವಾಡದಲ್ಲಿ, ವಿಶಾಖಪಟ್ಟಣದಲ್ಲಿ ನಮ್ಮವರು ನಾಲ್ಕು ಜನ ಸೇರಿದ ಕಡೆಯಲ್ಲೆಲ್ಲ ಈಚೆಗೆ ಈ ದೂರು ಕಿವಿಗೆ ಬೀಳುತ್ತಿದೆ. ಫ್ಲಾಟುಗಳಲ್ಲಿ ನಾಯಿ ಸಾಕುವುದು ಕಷ್ಟ, ಮಕ್ಕಳಿಗೆ ಒಂದು ಜೀವ ಬೇಕು ಎಂದು ಹಕ್ಕಿ ತಂದವರೇ ಹೆಚ್ಚು. ಅವರಿಗಾಗಿ ಈ ಬರಹ.

ಸೊಪ್ಪಿನ ಗಿಳಿ, ಮರದ ಗಿಳಿ

ಗಿಳಿಯನ್ನು ಮೈಮೇಲೆ ಕೂರಿಸಿಕೊಳ್ಳುವ ಆಸೆ ನಮ್ಮವರಿಗೆ ಹೊಸದಲ್ಲ. ಶ್ರೀಕೃಷ್ಣದೇವರಾಯ ಕಳಿಂಗದ ದಂಡಯಾತ್ರೆಯಲ್ಲಿ 1515ರಲ್ಲಿ ಕೊಂಡವೀಡನ್ನು ಗೆದ್ದು, ಮುಂದೆ ಇದೇ ಕೊಂಡಪಲ್ಲಿ ಕೋಟೆಯನ್ನೂ ವಶಪಡಿಸಿಕೊಂಡ. ಆ ಯಾತ್ರೆಯಲ್ಲೇ ಕೃಷ್ಣಾ ತೀರದ ಶ್ರೀಕಾಕುಳದಲ್ಲಿ ಆಂಧ್ರ ಮಹಾವಿಷ್ಣು ಕನಸಿನಲ್ಲಿ ಬಂದು ಕಾವ್ಯ ಬರೆಯಲು ಹೇಳಿದನೆಂದು ಪ್ರತೀತಿ. ಇದು ವಿಶಾಖಪಟ್ಟಣದ ಆಚೆಯ ಶ್ರೀಕಾಕುಳಂ ಪಟ್ಟಣವಲ್ಲ, ಕೃಷ್ಣಾ ಜಿಲ್ಲೆಯ ಹಳ್ಳಿ. ಹಾಗೆ ಹುಟ್ಟಿದ ತೆಲುಗು ಕಾವ್ಯವೇ ‘ಆಮುಕ್ತಮಾಲ್ಯದ’. ಅದರ ನಾಯಕಿ ಗೋದಾದೇವಿ, ಅಂದರೆ ಆಂಡಾಳ್. ಶ್ರೀವಿಲ್ಲಿಪುತ್ತೂರಿನ ದೇವಸ್ಥಾನದಲ್ಲಿ ಆಂಡಾಳ್ ತಾಯಿಯ ಎಡಗೈಯಲ್ಲಿ ಹೆಗಲಿನ ಹತ್ತಿರ ಒಂದು ಗಿಳಿ ಇರುತ್ತದೆ. ಅದನ್ನು ದಿನವೂ ಹೊಸದಾಗಿ ಎಲೆ, ಹೂವುಗಳಿಂದ ಮಾಡುತ್ತಾರೆ. ಕೊಕ್ಕಿಗೆ ದಾಳಿಂಬೆ ಹೂವು.

ದೇವಿಯ ಕೈಯಲ್ಲಿರುವುದು ಸೊಪ್ಪಿನ ಗಿಳಿ, ಕೊಂಡಪಲ್ಲಿಯದು ಮರದ ಗಿಳಿ. ಎರಡೂ ಕಚ್ಚುವುದಿಲ್ಲ, ಎರಡಕ್ಕೂ ಹಸಿವಿಲ್ಲ, ಹೆದರಿಕೆಯಿಲ್ಲ. ನಮ್ಮ ಮನೆಗಳಿಗೆ ಬಂದಿರುವುದು ಹಸಿವು, ಹೆದರಿಕೆ, ಹಟ ಎಲ್ಲ ಇರುವ ಜೀವ. ಚಿತ್ರದಲ್ಲಿ ಕಂಡ ಚೆಲುವನ್ನು ಅದರಿಂದ ಬಯಸುವ ಮುಂಚೆ ಅದರ ಸ್ವಭಾವ ತಿಳಿದುಕೊಳ್ಳಬೇಕು.

ಮೊದಲು ಯಾವ ಗಿಳಿ ಎಂಬ ಪ್ರಶ್ನೆ

ಪಾಠಕ್ಕೆ ಮುಂಚೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ನಾವು ಅರಗಿಳಿ ಎನ್ನುವ, ಇಲ್ಲಿಯವರು ರಾಮಚಿಲುಕ ಎನ್ನುವ, ಕೊರಳಲ್ಲಿ ಉಂಗುರವಿರುವ ಹಸಿರು ಗಿಳಿಯನ್ನು ಮನೆಯಲ್ಲಿ ಸಾಕುವುದು ಕಾನೂನಿಗೆ ವಿರುದ್ಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಅದಕ್ಕೆ ರಕ್ಷಣೆ ಇದೆ. 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಅದು ಎರಡನೆಯ ಪರಿಶಿಷ್ಟದಲ್ಲಿದೆ. ನಮ್ಮ ದೇಶದ ಕಾಡುಹಕ್ಕಿಗಳ ಮಾರಾಟವಂತೂ 1990-91ರಿಂದಲೇ ನಿಷಿದ್ಧ. ಕಾಯಿದೆ ಮುರಿದವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ‘ಗಿಣಿಶಾಸ್ತ್ರದವನು ಬೀದಿಯಲ್ಲೇ ಇಟ್ಟುಕೊಂಡು ಕೂತಿದ್ದಾನಲ್ಲ’ ಎಂದು ಕೇಳುವವರಿದ್ದಾರೆ. ಅವನಿಗೂ ಅದೇ ಕಾನೂನು.

ಹೊಟ್ಟೆಪಾಡಿಗೆ ಹಕ್ಕಿ ಹಿಡಿಯುವವರು ಗೂಡಿನಿಂದ ಮರಿ ಕದ್ದು, ಬುಟ್ಟಿಯಲ್ಲಿ ತುಂಬಿ ತರುತ್ತಾರೆ. ದಾರಿಯಲ್ಲಿ ಎಷ್ಟೋ ಮರಿ ಸಾಯುತ್ತವೆ. ಉಳಿದ ಒಂದು ನಮ್ಮ ಹೆಗಲಿಗೆ ಬರುತ್ತದೆ. ಹಿಂದಿನಿಂದ ಮನೆಯಲ್ಲಿ ಅರಗಿಳಿ ಇದ್ದವರು ಬಾಗಿಲು ತೆಗೆದು ‘ಹೋಗು ತಾಯಿ’ ಎಂದು ಬಿಟ್ಟುಬಿಡುವುದೂ ಸರಿಯಲ್ಲ. ಕೈತುತ್ತು ತಿಂದು ಬೆಳೆದದ್ದು ಹೊರಗೆ ಆಹಾರ ಹುಡುಕಲಾರದು, ಕಾಗೆಗೋ ಬೆಕ್ಕಿಗೋ ಸಿಗುತ್ತದೆ. ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ ಅವರಿಗೆ ಒಪ್ಪಿಸುವುದೇ ದಾರಿ.

ಹಾಗಾದರೆ ಸಾಕಬಹುದಾದದ್ದು ಯಾವುದು? ನಾವು ‘ಲವ್ ಬರ್ಡ್ಸ್’ ಎಂದು ಕರೆಯುವ ಬಜರಿಗರ್, ತಲೆಯ ಮೇಲೆ ಜುಟ್ಟಿರುವ ಕಾಕಟೀಲ್ ಇಂಥವು ಆಸ್ಟ್ರೇಲಿಯ ಮೂಲದವು, ಪಂಜರದಲ್ಲೇ ಮರಿಯಾಗಿ ಬೆಳೆದವು. ಸನ್ ಕಾನ್ಯೂರ್, ಮಕಾವ್, ಆಫ್ರಿಕನ್ ಗ್ರೇ ಮುಂತಾದವು ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ಅವನ್ನು ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ರಸೀದಿ ಇಲ್ಲದೆ, ಕಾಗದ ಇಲ್ಲದೆ ಯಾರೋ ಕೊಟ್ಟರೆಂದು ದುಬಾರಿ ಹಕ್ಕಿ ತರಬೇಡಿ. ಮುಂದೆ ಹೇಳುವ ಪಾಠವೆಲ್ಲ ಈ ಹಕ್ಕಿಗಳಿಗೆ ಸಂಬಂಧಪಟ್ಟದ್ದು.

ಹೆಗಲೇ ಏಕೆ?

‘ಸಲಿಗೆ ಕೊಟ್ಟರೆ ತಲೆಯ ಮೇಲೆ ಕೂರುತ್ತದೆ’ ಎಂಬುದು ನಮ್ಮ ಹಿರಿಯರ ಮಾತು. ಹೆಗಲೇರಿದ ಗಿಳಿ ಯಜಮಾನನಾಗಲು ನೋಡುತ್ತದೆ, ಎತ್ತರದಲ್ಲಿ ಕೂತದ್ದು ನಮ್ಮನ್ನು ಕೀಳಾಗಿ ಕಾಣುತ್ತದೆ ಎಂದು ಹಕ್ಕಿ ಸಾಕುವವರಲ್ಲೂ ಬಹುಕಾಲ ನಂಬಿಕೆಯಿತ್ತು. ಈಗ ಪ್ರಾಣಿಗಳ ನಡವಳಿಕೆ ಬಲ್ಲವರು ಅದನ್ನು ಒಪ್ಪುವುದಿಲ್ಲ. ಮೇಲು ಕೀಳಿನ ಲೆಕ್ಕ ಮನುಷ್ಯರದು. ಹಕ್ಕಿಯ ಲೆಕ್ಕ ಸರಳ. ಗಿಳಿ ಗುಂಪಿನಲ್ಲಿ ಬಾಳುವ ಜೀವ. ಮನೆಯವರೇ ಅದರ ಗುಂಪು. ಎತ್ತರದ ಜಾಗದಲ್ಲಿ ಅದಕ್ಕೆ ಭಯ ಕಡಿಮೆ. ಕೈ ಅಲುಗಾಡುವ ಕೊಂಬೆ, ಹೆಗಲು ಅಲುಗದ ಕೊಂಬೆ. ಅಲ್ಲಿ ಬೆಚ್ಚಗಿರುತ್ತದೆ, ಕೂದಲು ಸಿಗುತ್ತದೆ, ಕಿವಿಯೋಲೆ ಸಿಗುತ್ತದೆ, ಕನ್ನಡಕ ಸಿಗುತ್ತದೆ, ಮಾತಾಡುವ ಬಾಯಿ ಪಕ್ಕದಲ್ಲೇ ಇರುತ್ತದೆ. ಇಷ್ಟೆಲ್ಲ ಒಂದೇ ಜಾಗದಲ್ಲಿ ಇರುವಾಗ ಅದು ಬೇರೆ ಕಡೆ ಏಕೆ ಹೋದೀತು?

ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದ ಸೂಸನ್ ಫ್ರೀಡ್ಮನ್ ಗಿಳಿ ಸಾಕುವವರಿಗೆ ಕಲಿಸಿಕೊಟ್ಟ ವಿಧಾನವೂ ಇದೇ. ಹಕ್ಕಿ ಒಂದು ಕೆಲಸ ಮಾಡಿದರೆ ಅದಕ್ಕೆ ಮುಂಚೆ ಏನಾಯಿತು, ಅನಂತರ ಅದಕ್ಕೆ ಏನು ಸಿಕ್ಕಿತು ಎಂದು ನೋಡಬೇಕು. ‘ಇದು ಹಟಮಾರಿ’ ಎಂದು ಹೆಸರಿಟ್ಟರೆ ಏನೂ ಬಗೆಹರಿಯುವುದಿಲ್ಲ. ಇಳಿದಾಗ ಏನು ಸಿಗುತ್ತದೆ ಎಂದು ಕೇಳಿದರೆ ಉತ್ತರ ಅಲ್ಲೇ ಇರುತ್ತದೆ. ಬಹಳ ಮನೆಗಳಲ್ಲಿ ಇಳಿದಾಗ ಸಿಗುವುದು ಒಂದೇ, ಪಂಜರ.

ಅಪಾಯ ಎಲ್ಲಿದೆ?

ಕೈಮೇಲೆ ಕೂತ ಹಕ್ಕಿಯ ಮುಖ ನಮಗೆ ಕಾಣುತ್ತದೆ. ಕಣ್ಣಿನ ಪಾಪೆ ಚಿಕ್ಕದು ದೊಡ್ಡದು ಆಗುವುದು, ಕತ್ತಿನ ಗರಿ ನಿಮಿರುವುದು, ಬಾಲದ ಗರಿ ಬೀಸಣಿಗೆಯಂತೆ ಬಿಚ್ಚುವುದು, ಇವೆಲ್ಲ ‘ಈಗ ಬೇಡ’ ಎಂಬ ಸೂಚನೆ. ಹೆಗಲ ಮೇಲೆ ಕೂತಾಗ ಇದು ಯಾವುದೂ ಕಾಣುವುದಿಲ್ಲ. ಕಾಣದ ಜಾಗದಲ್ಲಿ ಕೊಕ್ಕಿಗೂ ಕಣ್ಣಿಗೂ ನಡುವೆ ಒಂದು ಗೇಣು ಅಂತರ. ಕಾಕಟೀಲ್ ಕಚ್ಚಿದರೆ ಗಾಯ ಚಿಕ್ಕದಿರಬಹುದು. ಆಫ್ರಿಕನ್ ಗ್ರೇ, ಮಕಾವ್‌ಗಳ ಕೊಕ್ಕು ಗಟ್ಟಿ ಕಾಯಿಗಳನ್ನು ಒಡೆಯುವಂಥದು. ಕಿವಿಯ ಹಾಲೆ, ತುಟಿ, ಕಣ್ಣು ಅದಕ್ಕೆ ಯಾವ ಲೆಕ್ಕ?

ನಮ್ಮೂರುಗಳ ಇನ್ನೊಂದು ಅಪಾಯ ಫ್ಯಾನು. ಬೆಜವಾಡದ ಬೇಸಿಗೆಯಲ್ಲಿ ಫ್ಯಾನು ಆರಿಸುವವರು ಯಾರು? ಬಾಗಿಲು ಬಡಿದ ಸದ್ದಿಗೆ ಹೆಗಲಿಂದ ಎದ್ದ ಹಕ್ಕಿ ನೇರ ರೆಕ್ಕೆಗಳಿಗೆ ಸಿಕ್ಕುತ್ತದೆ. ಹಕ್ಕಿ ಹೊರಗಿರುವಷ್ಟು ಹೊತ್ತು ಫ್ಯಾನು ಆರಿರಬೇಕು, ಅಡುಗೆ ಒಲೆ ಹೊತ್ತಿರಬಾರದು, ಬಾಲ್ಕನಿಯ ಬಾಗಿಲು ಹಾಕಿರಬೇಕು. ವಿಶಾಖಪಟ್ಟಣದ ಸಮುದ್ರದ ಗಾಳಿಗೆ ಸಿಕ್ಕ ಹಕ್ಕಿ ಮತ್ತೆ ಮನೆ ಹುಡುಕಿಕೊಂಡು ಬರಲಾರದು. ‘ಹೆಗಲ ಮೇಲೇ ಇರುತ್ತದೆ, ಎಲ್ಲಿಗೂ ಹೋಗುವುದಿಲ್ಲ’ ಎಂದು ಅದನ್ನು ಹೊತ್ತುಕೊಂಡೇ ಹಾಲಿನವನಿಗೆ ಬಾಗಿಲು ತೆಗೆಯುವವರು ಇದನ್ನು ಗಮನಿಸಬೇಕು.

ಮೂರನೆಯದು ಆರೋಗ್ಯ. ಒಣಗಿದ ಹಿಕ್ಕೆಯ ಧೂಳಿನಿಂದ ಸಿಟಕೋಸಿಸ್ ಎಂಬ ಜ್ವರ ಮನುಷ್ಯರಿಗೆ ಬರುವುದುಂಟು. ಅಪರೂಪದ್ದಾದರೂ ಶ್ವಾಸಕೋಶಕ್ಕೆ ತಗಲುವಂಥದು, ತಕ್ಕ ಔಷಧಿಯಿಂದ ಗುಣವಾಗುವಂಥದು. ಜ್ವರ, ಒಣಕೆಮ್ಮು ಬಂದು ವೈದ್ಯರ ಬಳಿ ಹೋದಾಗ ‘ಮನೆಯಲ್ಲಿ ಹಕ್ಕಿ ಇದೆ’ ಎಂಬ ಒಂದು ಮಾತನ್ನು ಮರೆಯದೆ ಹೇಳಬೇಕು. ಆಸ್ತಮಾ ಇರುವವರು, ಕೂಸುಗಳು, ವಯಸ್ಸಾದವರ ಹೆಗಲ ಮೇಲೆ ಹಕ್ಕಿ ಬೇಡವೇ ಬೇಡ. ಬಾಯಿಂದ ಬಾಯಿಗೆ ತುತ್ತು ಕೊಡುವ ಮುದ್ದು ಯಾರಿಗೂ ಬೇಡ.

ಒಂದು ಮನೆಯ ಮಾತು

ನಮ್ಮ ಪರಿಚಯದ ಒಂದು ಕನ್ನಡ ಕುಟುಂಬದಲ್ಲಿ ಮಗ ಶಾಲೆಯಲ್ಲಿರುವಾಗ ತಂದ ಕಾಕಟೀಲ್ ಇತ್ತು. ಅವನ ಹೆಗಲೇ ಅದರ ಮನೆ. ಓದುವಾಗ, ಟಿ.ವಿ. ನೋಡುವಾಗ, ಊಟಕ್ಕೂ ಅಲ್ಲೇ. ಹುಡುಗ ಇಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೋದ. ಹಕ್ಕಿ ಅಜ್ಜಿಯ ಹೆಗಲು ಹುಡುಕಿಕೊಂಡಿತು. ಅಜ್ಜಿ ಪೂಜೆಗೆ ಏಳಬೇಕು, ಅದು ಇಳಿಯದು. ಸೆರಗಿನಿಂದ ಓಡಿಸಲು ಹೋದಾಗ ಓಲೆಯ ಸಮೇತ ಕಿವಿ ಕಚ್ಚಿ ರಕ್ತ ಬಂತು. ಸಂಜೆ ಮನೆಯಲ್ಲಿ ಪಂಚಾಯಿತಿ. ‘ನಾಳೆಯೇ ಯಾರಿಗಾದರೂ ಕೊಟ್ಟುಬಿಡೋಣ ಕಣಮ್ಮ’ ಎಂದು ಮಗ ಅಂದರೆ, ಅಜ್ಜಿ ಹೇಳಿದರಂತೆ: ‘ಯಾರಿಗೆ ಕೊಡ್ತೀಯಪ್ಪ? ಕಚ್ಚೋ ಹಕ್ಕೀನ ಯಾರು ಇಟ್ಕೋತಾರೆ? ಮೊದಲು ಅದಕ್ಕೆ ಇಳಿಯೋದು ಕಲಿಸಿ.’

ಆ ಮಾತಿನಲ್ಲಿ ಎಲ್ಲವೂ ಇದೆ. ನಮ್ಮದು ವರ್ಗಾವಣೆಯ ಬದುಕು. ಬ್ಯಾಂಕು, ರೈಲ್ವೆ, ಹೋಟೆಲು, ಕಾರ್ಖಾನೆ ಎಂದು ಊರು ಬಿಟ್ಟು ಬಂದವರು. ಇಂದು ಈ ಊರು, ನಾಳೆ ಯಾವುದೋ. ಮಕ್ಕಳು ಓದಿಗೆ ಒಂದು ಕಡೆ, ಕೆಲಸಕ್ಕೆ ಒಂದು ಕಡೆ. ಕಾಕಟೀಲ್ ಚೆನ್ನಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬದುಕುತ್ತದೆ, ಆಫ್ರಿಕನ್ ಗ್ರೇ 40 ವರ್ಷಕ್ಕೂ ಹೆಚ್ಚು. ತಂದವರ ಹೆಗಲಲ್ಲೇ ಅದರ ಆಯಸ್ಸು ಮುಗಿಯುವುದಿಲ್ಲ. ಒಂದೇ ಹೆಗಲು ಬಲ್ಲ ಹಕ್ಕಿ, ಆ ಹೆಗಲು ಊರು ಬಿಟ್ಟ ದಿನ ಅನಾಥ. ಯಾರ ಕೈಗೆ ಬೇಕಾದರೂ ಬಂದು, ಹೇಳಿದಾಗ ಇಳಿಯುವ ಹಕ್ಕಿಗೆ ಎಲ್ಲಿ ಹೋದರೂ ಮನೆ ಸಿಗುತ್ತದೆ.

ಕಲಿಸುವುದು ಹೇಗೆ?

ಮೊದಲನೆಯದು, ಒಂದೇ ಮಾತು. ನಮ್ಮ ಮನೆಗಳಲ್ಲಿ ಅಜ್ಜಿ ‘ಹತ್ತು’ ಎನ್ನುತ್ತಾರೆ, ಕೆಲಸದಾಕೆ ‘ಎಕ್ಕು’ ಎನ್ನುತ್ತಾಳೆ, ಮೊಮ್ಮಗ ‘ಸ್ಟೆಪ್ ಅಪ್’ ಎನ್ನುತ್ತಾನೆ. ಹಕ್ಕಿ ಯಾರ ಮಾತು ಕೇಳಬೇಕು? ಏರಲು ಒಂದು ಮಾತು, ಇಳಿಯಲು ಒಂದು ಮಾತು ಮನೆಮಂದಿಯೆಲ್ಲ ಕೂತು ಗೊತ್ತುಮಾಡಿಕೊಳ್ಳಿ. ‘ಹತ್ತು’, ‘ಇಳಿ’ ಇಷ್ಟೇ ಸಾಕು. ಕನ್ನಡವೇ ಆದರೆ ಮನೆಯ ಮಕ್ಕಳ ನಾಲಿಗೆಗೂ ಒಳ್ಳೆಯದು.

ಎರಡನೆಯದು, ಕೂರಲು ಇನ್ನೊಂದು ಜಾಗ. ಹೆಗಲು ಬೇಡವೆಂದರೆ ಸಾಲದು, ಬೇರೆ ಎಲ್ಲಿ ಎಂದು ತೋರಿಸಬೇಕು. ಎದೆಮಟ್ಟದ ಎತ್ತರಕ್ಕೆ ಒಂದು ಸ್ಟ್ಯಾಂಡ್ ಮಾಡಿಸಿ, ಸೀಬೆಯ ಕೊಂಬೆ ಕಟ್ಟಿ. ನೀವು ಕೂರುವ ಕುರ್ಚಿಯ ಪಕ್ಕದಲ್ಲೇ ಇರಲಿ. ಕಡಿಯಲು ತೆಂಗಿನ ನಾರು, ಮೆಕ್ಕೆಜೋಳದ ಸಿಪ್ಪೆ, ತಾಳೆಗರಿ ಇಡಿ. ಕೊಂಡಪಲ್ಲಿ ಗೊಂಬೆಯನ್ನು ಮಾತ್ರ ಕಡಿಯಲು ಕೊಡಬೇಡಿ. ಅದರ ಬಣ್ಣ, ಅಂಟು ಹಕ್ಕಿಯ ಹೊಟ್ಟೆಗಲ್ಲ.

ಮೂರನೆಯದು, ಬಹುಮಾನ. ನವಣೆಯ ತೆನೆ, ಅಂದರೆ ಇಲ್ಲಿಯವರ ಕೊರ್ರಲು, ಕಾಕಟೀಲ್‌ಗೆ ಪಂಚಪ್ರಾಣ. ದೊಡ್ಡ ಹಕ್ಕಿಗೆ ಒಂದು ಸೂರ್ಯಕಾಂತಿ ಬೀಜ. ಇದನ್ನು ತಟ್ಟೆಯಲ್ಲಿ ತುಂಬಿಡದೆ ಪಾಠಕ್ಕಾಗಿ ಮಾತ್ರ ಇಟ್ಟುಕೊಳ್ಳಿ. ಒಂದು ಕಡ್ಡಿಯ ತುದಿಯನ್ನು ತೋರಿಸಿ, ಹಕ್ಕಿ ಕೊಕ್ಕಿನಿಂದ ಮುಟ್ಟಿದ ಕೂಡಲೇ ಒಂದು ಕಾಳು ಕೊಡಿ. ಎರಡು ಮೂರು ದಿನದಲ್ಲಿ ಅದು ಕಡ್ಡಿಯ ಹಿಂದೆ ಬರತೊಡಗುತ್ತದೆ. ಆಗ ಕಡ್ಡಿಯಿಂದ ಕೈಗೆ, ಕೈಯಿಂದ ಸ್ಟ್ಯಾಂಡಿಗೆ ಕರೆಯಿರಿ. ದಿನಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ ಐದು ನಿಮಿಷ ಸಾಕು. ರಿಕರಿಂಗ್ ಡಿಪಾಸಿಟ್ಟಿನ ಹಾಗೆ, ಸ್ವಲ್ಪವಾದರೂ ಕಂತು ತಪ್ಪಬಾರದು.

ನಾಲ್ಕನೆಯದು, ಕೈಯ ಭಂಗಿ. ಹಕ್ಕಿ ಯಾವಾಗಲೂ ತಗ್ಗಿನಿಂದ ಎತ್ತರಕ್ಕೆ ನಡೆಯುತ್ತದೆ. ಅಂಗೈ ಎತ್ತರದಲ್ಲಿ, ಮೊಣಕೈ ತಗ್ಗಿನಲ್ಲಿ, ಪಕ್ಕೆಗೆ ಒತ್ತಿಕೊಂಡಿದ್ದರೆ ಅದು ಕೈಯಲ್ಲೇ ನಿಲ್ಲುತ್ತದೆ. ಕೈ ಇಳಿಬಿಟ್ಟರೆ ತೋಳು ಅದಕ್ಕೆ ಮೆಟ್ಟಿಲಾಗುತ್ತದೆ.

ಐದನೆಯದೇ ಮುಖ್ಯ. ಇಳಿದರೆ ನಷ್ಟವಿಲ್ಲ ಎಂಬುದು ಹಕ್ಕಿಗೆ ಗೊತ್ತಾಗಬೇಕು. ‘ಇಳಿ’ ಎಂದಾಗ ಇಳಿದರೆ ಕಾಳು ಕೊಟ್ಟು, ಒಂದು ಮಾತಾಡಿಸಿ, ಮತ್ತೆ ಕೈಗೆ ಹತ್ತಿಸಿಕೊಳ್ಳಿ. ಹತ್ತು ಸಲ ಇಳಿದರೆ ಒಂದು ಸಲ ಮಾತ್ರ ಪಂಜರಕ್ಕೆ. ಅಲ್ಲಿಯೂ ತಟ್ಟೆಯಲ್ಲಿ ಹಸಿಮೆಣಸಿನಕಾಯಿಯೋ ಸೀಬೆಹಣ್ಣಿನ ಚೂರೋ ಕಾದಿರಲಿ. ಇದಿಷ್ಟು ರೂಢಿಯಾದ ಮೇಲೆ ಚಿಕ್ಕ ಹಕ್ಕಿಗಾದರೆ ಹೆಗಲನ್ನೂ ಬಹುಮಾನವಾಗಿ ಕೊಡಬಹುದು. ನಾವು ಕರೆದಾಗ ಬರಬೇಕು, ಸ್ವಲ್ಪ ಹೊತ್ತು ಇರಬೇಕು, ಹೇಳಿದಾಗ ಇಳಿಯಬೇಕು. ಓಲೆ, ಸರ, ಕನ್ನಡಕ, ಕಿವಿ ಕೇಳುವ ಯಂತ್ರ ಮೊದಲೇ ತೆಗೆದಿಟ್ಟಿರಬೇಕು. ದೊಡ್ಡ ಕೊಕ್ಕಿನ ಹಕ್ಕಿಗೆ ಹೆಗಲು ಕೊಡದಿರುವುದೇ ಕ್ಷೇಮ.

ಕೇಳದೆ ಏರಿ ಕೂತಾಗ

ಎಷ್ಟು ಕಲಿಸಿದರೂ ಒಂದು ದಿನ ಹೇಳದೆ ಕೇಳದೆ ಏರಿಬಿಡುತ್ತದೆ. ಆಗ ಕೂಗಾಡಬೇಡಿ. ನಮ್ಮ ಕೂಗಾಟ ಅದಕ್ಕೆ ತಮಾಷೆ. ಹೆಗಲು ಕೊಡವಿ ಬೀಳಿಸಬೇಡಿ, ಕೊಕ್ಕಿಗೆ ಹೊಡೆಯಬೇಡಿ. ಕೈ ಎತ್ತಿ ಹಿಡಿಯಲು ಹೋದರೆ ಅದು ಕತ್ತಿನ ಹಿಂದೆ ಓಡುತ್ತದೆ, ಆ ಆಟದಲ್ಲಿ ಗೆಲ್ಲುವುದು ಅದೇ. ಸುಮ್ಮನೆ ನಡೆದು ಸ್ಟ್ಯಾಂಡಿನ ಹತ್ತಿರ ಹೋಗಿ, ಅದಕ್ಕೆ ಬೆನ್ನು ಮಾಡಿ, ಸ್ವಲ್ಪ ಬಗ್ಗಿ ನಿಂತು ‘ಇಳಿ’ ಎನ್ನಿ. ಕೊಂಬೆ ಹೆಗಲಿಗಿಂತ ಎತ್ತರವಾದ ಕೂಡಲೇ ತಾನಾಗಿ ದಾಟುತ್ತದೆ. ದಾಟಿದ ಮೇಲೆ ಕಾಳು ಕೊಡಲು ಮರೆಯಬೇಡಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರು ಕಡ್ಡಿ ತೋರಿಸಲಿ.

ಮುಖಕ್ಕೆ ಮುಖ ತಂದು ಕೊಕ್ಕರಿಸಿಕೊಂಡು ಬರುವುದು, ಕತ್ತಲ ಮೂಲೆ ಹುಡುಕುವುದು, ಒಬ್ಬರನ್ನೇ ಕಾಯುವುದು ಹೆಚ್ಚಾದರೆ ಅದು ಗೂಡು ಕಟ್ಟುವ ಕಾಲದ ಲಕ್ಷಣ. ಆ ದಿನಗಳಲ್ಲಿ ಬೆನ್ನು, ರೆಕ್ಕೆಯ ಕೆಳಗೆ ಸವರಬೇಡಿ. ಕತ್ತು, ತಲೆ ಸವರಿದರೆ ಸಾಕು. ಹೆಗಲಿನ ಸಲಿಗೆಯನ್ನು ಕೆಲವು ವಾರ ನಿಲ್ಲಿಸಿ. ರೆಕ್ಕೆ ಕತ್ತರಿಸಿದರೆ ಸರಿಹೋಗುತ್ತದೆ ಎಂದು ಸಲಹೆ ಕೊಡುವವರಿದ್ದಾರೆ. ಹಾರಲಾರದ ಹಕ್ಕಿ ಹೆದರಿದಾಗ ಕಚ್ಚದೆ ಇನ್ನೇನು ಮಾಡೀತು? ಇದ್ದಕ್ಕಿದ್ದಂತೆ ಸ್ವಭಾವ ಬದಲಾದರೆ ಕಾಯಿಲೆ ಇರಬಹುದು, ಪಶುವೈದ್ಯರಿಗೆ ತೋರಿಸಬೇಕು.

ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಿ. ಕಣ್ಣಿಗೆ ತಗುಲಿದ್ದರೆ ಒಂದು ಗಳಿಗೆಯೂ ತಡಮಾಡದೆ ಕಣ್ಣಿನ ಆಸ್ಪತ್ರೆಗೆ ಹೋಗಿ. ಅರಿಶಿನ ಮೆತ್ತಿ ಕಾಯುವುದು ಬೇಡ.

ಹಕ್ಕಿಗೆ ಏರಲು ಯಾರೂ ಕಲಿಸಬೇಕಾಗಿಲ್ಲ, ಅದು ಹುಟ್ಟುಗುಣ. ಇಳಿಯಲು ಕಲಿಸುವುದು ಸಾಕಿದವರ ಹೊಣೆ. ರಜೆಗೆ ಊರಿಗೆ ಹೊರಡುವ ಮುಂಚೆ, ವರ್ಗಾವಣೆಯ ಆದೇಶ ಬರುವ ಮುಂಚೆ, ಪಕ್ಕದ ಮನೆಯವರನ್ನು ಕರೆದು ಅವರ ಕೈಗೂ ಒಂದು ನವಣೆ ತೆನೆ ಕೊಟ್ಟು ‘ಹತ್ತು’, ‘ಇಳಿ’ ಹೇಳಿಸಿ ನೋಡಿ. ಅವರ ಮಾತಿಗೂ ಅದು ಇಳಿಯಿತೆಂದರೆ ಪಾಠ ಮುಗಿಯಿತು, ನೀವು ನಿಶ್ಚಿಂತೆಯಿಂದ ರೈಲು ಹತ್ತಬಹುದು.